ಮಾಯಾ ಜನರ ನುಡಿಯೂ ಧ್ವನಿಮುದ್ರಿತ ಶಾಸ್ತ್ರವೂ

(ಮಹೋತ್ಸವದ ಸಭೆಯಲ್ಲಿ ನಡೆದ ಉಪನ್ಯಾಸದ ಪಾಠ)



ಶಾಸ್ತ್ರವು ಜನರನ್ನು ಮುಟ್ಟುವ ಮಾರ್ಗಗಳು ಎರಡು. ಒಂದು ಕಣ್ಣಿನದು, ಇನ್ನೊಂದು ಕಿವಿಯದು. ಓದಬಲ್ಲವನಿಗೆ ಗ್ರಂಥವು ಸಾಕು. ಓದಲರಿಯದವನಿಗೆ ಶ್ರವಣವೊಂದೇ ಗತಿ. ಆದರೆ ಶ್ರವಣವೆಂದರೆ ಶಬ್ದವು ಕಿವಿಗೆ ಬೀಳುವುದಷ್ಟೇ ಅಲ್ಲ. ಅರ್ಥವು ಮನಸ್ಸಿಗೆ ಇಳಿಯಬೇಕು. ಅರ್ಥವು ಇಳಿಯಬೇಕಾದರೆ ಆ ಶಬ್ದವು ಕೇಳುವವನ ತಾಯಿನುಡಿಯದಾಗಿರಬೇಕು. ಈ ಮಾತು ಹೇಳುವುದಕ್ಕೆ ಸುಲಭ. ಒಬ್ಬರ ಶಾಸ್ತ್ರವನ್ನು ಇನ್ನೊಬ್ಬರ ನುಡಿಯಲ್ಲಿ ಹೇಳಹೊರಟಾಗ ಎಂತಹ ತೊಡಕುಗಳೂ ಎಂತಹ ಹೊಣೆಗಳೂ ಒದಗುವುವೆಂಬುದಕ್ಕೆ ಅಮೇರಿಕಾ ಖಂಡದ ಮಾಯಾ ಜನರ ವೃತ್ತಾಂತವು ತಕ್ಕ ನಿದರ್ಶನವಾಗಿದೆ. ಕ್ರೈಸ್ತ ಮಿಷನರಿಗಳು ಈ ಜನರ ನುಡಿಗಳಲ್ಲಿ ಬೈಬಲ್ಲನ್ನು ಮೊದಲು ಬರೆದರು. ಅನಂತರ ಅದನ್ನು ಯಂತ್ರಗಳಲ್ಲಿ ಧ್ವನಿಯಾಗಿ ಹಿಡಿದಿಟ್ಟರು. ಆ ಕಾರ್ಯದ ಸ್ವರೂಪವೇನು, ಗುಣವೇನು, ಕೊರತೆಯೇನು ಎಂಬುದನ್ನು ಪಕ್ಷಪಾತವಿಲ್ಲದೆ ವಿಚಾರಿಸುವುದೇ ಈ ಉಪನ್ಯಾಸದ ಉದ್ದೇಶವು.

ಮೊದಲು ಹೆಸರಿನ ವಿಷಯವಾಗಿ ಒಂದು ಮಾತು. ಇಲ್ಲಿ ಹೇಳತಕ್ಕ ಮಾಯಾ ಎಂಬ ಶಬ್ದಕ್ಕೂ ವೇದಾಂತಿಗಳ ಮಾಯೆಗೂ ಯಾವ ಸಂಬಂಧವೂ ಇಲ್ಲ. ಅದು ಒಂದು ಜನಾಂಗದ ಹೆಸರು. ಮೆಕ್ಸಿಕೋ ದೇಶದ ದಕ್ಷಿಣ ಭಾಗ, ಗ್ವಾಟೆಮಾಲ, ಬೆಲೀಜ್, ಹೊಂಡುರಾಸಿನ ಪಡುವಣ ಅಂಚು, ಇವು ಅವರ ಸೀಮೆಗಳು. ಕ್ರಿಸ್ತಶಕ 250ರಿಂದ 900ರವರೆಗಿನ ಕಾಲದಲ್ಲಿ ಅವರು ತಿಕಾಲ್, ಪಾಲೆಂಕೆ, ಕೋಪಾನ್ ಮುಂತಾದ ಕಲ್ಲಿನ ನಗರಗಳಲ್ಲಿ ವೈಭವದಿಂದ ಬಾಳಿದರು. ಸೊನ್ನೆಯನ್ನು ಬಲ್ಲ ಗಣಿತವೂ, ಗ್ರಹಗತಿಯನ್ನು ಎಣಿಸುವ ಪಂಚಾಂಗವೂ, ನೂರಾರು ಚಿಹ್ನೆಗಳುಳ್ಳ ಲಿಪಿಯೂ ಅವರಲ್ಲಿದ್ದುವು. ಈ ಜನರು ಅಳಿದುಹೋದರೆಂದು ಕೆಲವರು ತಿಳಿದಿರುವುದುಂಟು, ಅದು ಸರಿಯಲ್ಲ. ಮಾಯಾ ಕುಲದ ಸುಮಾರು 30 ನುಡಿಗಳು ಈಗಲೂ ಬಳಕೆಯಲ್ಲಿವೆ. ಅವುಗಳನ್ನಾಡುವವರು 50 ಲಕ್ಷಕ್ಕೂ ಮಿಕ್ಕಿದ್ದಾರೆ. ಗ್ವಾಟೆಮಾಲದಲ್ಲಿ ಕಿಚೇ, ಕೆಕ್ಚಿ, ಮಾಮ್, ಕಾಕ್ಚಿಕೆಲ್, ತ್ಸುತುಹಿಲ್, ಇಶಿಲ್ ಮೊದಲಾದುವೂ, ಮೆಕ್ಸಿಕೋದಲ್ಲಿ ಯುಕಾತೆಕ್, ತ್ಸೋತ್ಸಿಲ್ ಮೊದಲಾದುವೂ ಪ್ರಚಾರದಲ್ಲಿವೆ. ಇವು ಒಂದೇ ತಾಯಿಯ ಮಕ್ಕಳಾದರೂ, ಒಂದನ್ನಾಡುವವನಿಗೆ ದೂರದ ಇನ್ನೊಂದು ಅರ್ಥವಾಗದು.

ಈ ನುಡಿಗಳ ಉಚ್ಚಾರಣೆಯಲ್ಲಿ ಒಂದು ವಿಶೇಷವುಂಟು. ಗಂಟಲನ್ನು ಕ್ಷಣಕಾಲ ಮುಚ್ಚಿ, ಉಸಿರನ್ನು ತಡೆದು, ಸಿಡಿಸಿ ನುಡಿಯುವ ವ್ಯಂಜನಗಳು ಇವುಗಳಲ್ಲಿವೆ. ಇದು ಶಿಕ್ಷಾಶಾಸ್ತ್ರದಲ್ಲಿ ಹೇಳುವ ಮಹಾಪ್ರಾಣವಲ್ಲ. ಮಹಾಪ್ರಾಣದಲ್ಲಿ ಉಸಿರು ಹೆಚ್ಚಾಗಿ ಹೊರಡುವುದು. ಇಲ್ಲಿಯಾದರೋ ಉಸಿರು ಗಂಟಲಲ್ಲಿ ಕಟ್ಟಿ ನಿಲ್ಲುವುದು. ಕನ್ನಡ ಲಿಪಿಯಲ್ಲಿ ಇದಕ್ಕೆ ಅಕ್ಷರವಿಲ್ಲ. ಯುಕಾತೆಕ್ ನುಡಿಯಲ್ಲಿ ‘ಕಾನ್’ ಎಂದರೆ ಹಾವು. ಅದೇ ಶಬ್ದದ ಸ್ವರವನ್ನು ನಡುವೆ ಗಂಟಲಿನಿಂದ ತುಂಡರಿಸಿದರೆ ಆಕಾಶವೆಂದಾಗುವುದು. ಮೊದಲ ಕಕಾರವನ್ನೇ ಗಂಟಲು ಕಟ್ಟಿ ಸಿಡಿಸಿದರೆ, ಆ ಜನರು ಮಲಗುವ ಹುರಿಯ ಜೋಲಿಯ ಹೆಸರಾಗುವುದು. ಪರದೇಶದ ಉಪದೇಶಕನು ಆಕಾಶವನ್ನು ಹೇಳಹೋಗಿ ಹಾವನ್ನು ಹೇಳಿದರೆ ಕೇಳುವವರು ನಗುವರೇ ಹೊರತು ತಲೆದೂಗಲಾರರು. ಆದುದರಿಂದ ಈ ನುಡಿಗಳಲ್ಲಿ ಶಾಸ್ತ್ರವನ್ನು ಕೇಳಿಸಬೇಕಾದರೆ ಆ ನುಡಿಯಲ್ಲಿಯೇ ಹುಟ್ಟಿ ಬೆಳೆದವನ ಬಾಯಿ ಬೇಕು. ಮುಂದೆ ಹೇಳುವ ಧ್ವನಿಮುದ್ರಣದ ಕೆಲಸಕ್ಕೆಲ್ಲ ಇದೇ ಮೂಲಕಾರಣವೆಂದು ತಿಳಿಯತಕ್ಕುದು.

ಮಾಯಾ ಜನರಿಗೂ ಕ್ರೈಸ್ತ ಧರ್ಮಕ್ಕೂ ಮೊದಲ ಭೇಟಿಯಾದದ್ದು 16ನೆಯ ಶತಮಾನದಲ್ಲಿ, ಸ್ಪಾನಿಷರ ದಂಡಯಾತ್ರೆಯ ಸಂಗಡ. ಆ ಭೇಟಿಯು ಸೌಮ್ಯವಾಗಿರಲಿಲ್ಲ. 1562ನೆಯ ಇಸವಿ ಜುಲೈ ತಿಂಗಳಲ್ಲಿ ಯುಕಾತಾನಿನ ಮಾನಿ ಎಂಬ ಊರಿನಲ್ಲಿ, ಡಿಯೆಗೋ ದೆ ಲಾಂಡಾ ಎಂಬ ಫ್ರಾನ್ಸಿಸ್ಕನ್ ಸಂನ್ಯಾಸಿಯು ಮಾಯಾ ಜನರ ವಿಗ್ರಹಗಳನ್ನೂ ಗ್ರಂಥಗಳನ್ನೂ ಬೆಂಕಿಗೆ ಹಾಕಿಸಿದನು. ಮರದ ತೊಗಟೆಯ ಕಾಗದಕ್ಕೆ ಸುಣ್ಣದ ಲೇಪವಿಟ್ಟು, ಬಣ್ಣಗಳಿಂದ ಬರೆದು, ಮಡಿಸಿಟ್ಟ ಗ್ರಂಥಗಳವು. ಅವು ಉರಿಯುವುದನ್ನು ಕಂಡು ಜನರು ಬಹಳ ಸಂಕಟಪಟ್ಟರೆಂದು ಆತನೇ ಬರೆದಿಟ್ಟಿದ್ದಾನೆ. ಅಂತಹ ಗ್ರಂಥಗಳಲ್ಲಿ ಇಂದಿಗೆ ಉಳಿದಿರುವುವು ನಾಲ್ಕು ಮಾತ್ರ. ವಿಧಿಯ ಚಮತ್ಕಾರವನ್ನು ನೋಡಬೇಕು: ಅದೇ ಲಾಂಡಾ ಸುಮಾರು 1566ರಲ್ಲಿ ಬರೆದ ವೃತ್ತಾಂತದಲ್ಲಿ, ಒಬ್ಬೊಂದು ಸ್ಪಾನಿಷ್ ಅಕ್ಷರಕ್ಕೆ ಮಾಯಾ ಲಿಪಿಯ ಯಾವ ಚಿಹ್ನೆ ಸಲ್ಲುವುದೆಂದು ಸ್ಥಳೀಯರಿಂದ ಕೇಳಿ ಗುರುತುಮಾಡಿದ್ದನು. ಆ ಪಟ್ಟಿಯ ಆಧಾರದಿಂದಲೇ 1952ರಲ್ಲಿ ರಷ್ಯಾದ ಯೂರಿ ಕ್ನೋರೊಸೋವ್ ಎಂಬ ವಿದ್ವಾಂಸನು ಮಾಯಾ ಲಿಪಿಯ ಬೀಗವನ್ನು ತೆರೆದನು. ಸುಟ್ಟ ಕೈಯೇ ಬೀಗದ ಕೈಯನ್ನೂ ಉಳಿಸಿದಂತಾಯಿತು. ಆದರೆ ಸುಟ್ಟುಹೋದದ್ದು ಮರಳಿ ಬರಲಿಲ್ಲ.

ಎಲ್ಲ ಸಂನ್ಯಾಸಿಗಳೂ ಒಂದೇ ರೀತಿಯವರಾಗಿರಲಿಲ್ಲವೆಂಬುದನ್ನೂ ಹೇಳಬೇಕು. ದೊಮಿಂಗೋ ದೆ ವೀಕೋ ಎಂಬ ಡೊಮಿನಿಕನ್ ಸಂನ್ಯಾಸಿಯು 1550ರ ದಶಕದಲ್ಲಿ ಕಿಚೇ ನುಡಿಯಲ್ಲಿ ಒಂದು ದೊಡ್ಡ ಮತತತ್ತ್ವಗ್ರಂಥವನ್ನೇ ರಚಿಸಿದನು. ಅದೇ ಕಾಲದಲ್ಲಿ ಒಂದು ಸ್ವಾರಸ್ಯವಾದ ವಾದವು ಹುಟ್ಟಿತು. ದೇವರನ್ನು ಯಾವ ಹೆಸರಿನಿಂದ ಕರೆಯಬೇಕು? ಕಿಚೇ ಜನರಲ್ಲಿ ದೇವತೆಗೆ ‘ಕಾಬವಿಲ್’ ಎಂಬ ಶಬ್ದವಿದ್ದಿತು. ಡೊಮಿನಿಕನ್ನರು ಆ ಶಬ್ದವನ್ನೇ ಬಳಸಬಹುದೆಂದರು. ಆ ಶಬ್ದವು ಹಳೆಯ ವಿಗ್ರಹಗಳಿಗೂ ಸಲ್ಲುವುದಾದುದರಿಂದ ಜನರು ಹೆಸರನ್ನು ಕೇಳಿ ಹಳೆಯದನ್ನೇ ನೆನೆಯುವರೆಂದು ಫ್ರಾನ್ಸಿಸ್ಕನ್ನರು ಆಕ್ಷೇಪಿಸಿ, ‘ದಿಯೋಸ್’ ಎಂಬ ಸ್ಪಾನಿಷ್ ಶಬ್ದವನ್ನೇ ಇಡಬೇಕೆಂದರು. ಬಹುಮಟ್ಟಿಗೆ ಎರಡನೆಯ ಪಕ್ಷವೇ ಗೆದ್ದು ನಿಂತಿತು. ಶಾಸ್ತ್ರವು ಪರನುಡಿಗೆ ಹೋಗುವಾಗ ಪ್ರತಿಯೊಂದು ಶಬ್ದವೂ ತನ್ನ ಹಿಂದಿನ ಬಾಳನ್ನು ಹೊತ್ತುಕೊಂಡೇ ಬರುವುದೆಂಬುದಕ್ಕೆ ಈ ವಾದವೇ ಸಾಕ್ಷಿ.

ಇದೇ ಸಮಯದಲ್ಲಿ ಕಿಚೇ ಕುಲೀನರು ಸಂನ್ಯಾಸಿಗಳು ಕಲಿಸಿದ ಲ್ಯಾಟಿನ್ ಅಕ್ಷರಗಳನ್ನು ತಮ್ಮ ಕಾರ್ಯಕ್ಕೆ ತಿರುಗಿಸಿಕೊಂಡರು. ಸೃಷ್ಟಿಯ ಕಥೆಯನ್ನೂ ತಮ್ಮ ವಂಶದ ಚರಿತ್ರೆಯನ್ನೂ ಆ ಅಕ್ಷರಗಳಲ್ಲಿಯೇ ಬರೆದಿಟ್ಟರು. ಅದೇ ‘ಪೊಪೊಲ್ ವುಹ್’ ಎಂದು ಪ್ರಸಿದ್ಧವಾದ ಗ್ರಂಥ. ಸುಮಾರು 1701ರಿಂದ 1703ರ ಒಳಗೆ ಚಿಚಿಕಾಸ್ತೆನಾಂಗೋ ಊರಿನ ಪಾದ್ರಿಯಾದ ಫ್ರಾನ್ಸಿಸ್ಕೋ ಹಿಮೆನೆಸ್ ಎಂಬಾತನು ಅದನ್ನು ನಕಲುಮಾಡಿ, ಪಕ್ಕದಲ್ಲಿ ಸ್ಪಾನಿಷ್ ಅನುವಾದವನ್ನೂ ಬರೆದನು. ಮೂಲ ಪ್ರತಿಯು ಕಾಣೆಯಾಗಿದೆ. ಈ ನಕಲು ಮಾತ್ರ ಉಳಿದು ಇಂದು ಚಿಕಾಗೋ ನಗರದ ನ್ಯೂಬೆರಿ ಪುಸ್ತಕಾಲಯದಲ್ಲಿದೆ. ಕೊಡುವವನು ಒಂದು ಉದ್ದೇಶದಿಂದ ಕೊಟ್ಟ ಅಕ್ಷರವನ್ನು ಪಡೆದವನು ತನ್ನ ಉದ್ದೇಶಕ್ಕೆ ಬಳಸಿಕೊಳ್ಳುವನು. ಮುಂದಿನ ಕಥೆಯಲ್ಲಿಯೂ ಹೀಗೆಯೇ ನಡೆಯಿತು.

20ನೆಯ ಶತಮಾನಕ್ಕೆ ಬಂದರೆ, ಮೊದಲು ಕಾಣುವವನು ಕ್ಯಾಮರನ್ ಟೌನ್ಸೆಂಡ್. ಈ ಅಮೇರಿಕನ್ ತರುಣನು 1917ರಲ್ಲಿ ಸ್ಪಾನಿಷ್ ಬೈಬಲ್ಲುಗಳನ್ನು ಮಾರುವುದಕ್ಕಾಗಿ ಗ್ವಾಟೆಮಾಲಕ್ಕೆ ಹೋದನು. ಕಾಕ್ಚಿಕೆಲ್ ಹಳ್ಳಿಗಳಲ್ಲಿ ಸ್ಪಾನಿಷ್ ಬಲ್ಲವರೇ ವಿರಳರು. ನಿಮ್ಮ ದೇವರು ಅಷ್ಟು ಬಲ್ಲವನಾದರೆ ಆತನಿಗೆ ಈ ನುಡಿಯೇಕೆ ಬಾರದು ಎಂದು ಹಳ್ಳಿಗನೊಬ್ಬನು ಕೇಳಿದನೆಂಬ ಕಥೆಯು ಮಿಷನರಿಗಳಲ್ಲಿ ಪ್ರಸಿದ್ಧವಾಗಿದೆ. ಟೌನ್ಸೆಂಡನು ಆ ಜನರ ನಡುವೆಯೇ ನೆಲಸಿ ನುಡಿಯನ್ನು ಕಲಿತನು. ಲ್ಯಾಟಿನ್ ವ್ಯಾಕರಣದ ಅಚ್ಚಿನಲ್ಲಿ ಈ ನುಡಿಯನ್ನು ಕೂಡಿಸಲಾಗದೆಂಬುದು ಆತನಿಗೆ ಬೇಗನೆ ತಿಳಿಯಿತು. ಏಕೆಂದರೆ ಕಾಕ್ಚಿಕೆಲ್ಲಿನ ಒಂದೇ ಧಾತುವಿಗೆ ಮುಂದೆಯೂ ಹಿಂದೆಯೂ ಪ್ರತ್ಯಯಗಳು ಹತ್ತಿ ಸಾವಿರಾರು ರೂಪಗಳಾಗುವುವು. ಕಾಕ್ಚಿಕೆಲ್ ಸಹಾಯಕರ ನೆರವಿನಿಂದ ಆತನು ಅನುವಾದಿಸಿದ ಹೊಸ ಒಡಂಬಡಿಕೆಯು 1931ರಲ್ಲಿ ಅಚ್ಚಾಗಿ ಹೊರಬಂದಿತು.

ಗ್ರಂಥವು ಅಚ್ಚಾಯಿತು, ಓದುವವರೆಲ್ಲಿ? 1950ರ ಜನಗಣತಿಯ ಕಾಲಕ್ಕೆ ಗ್ವಾಟೆಮಾಲದಲ್ಲಿ ನೂರಕ್ಕೆ ಸುಮಾರು 70 ಮಂದಿ ನಿರಕ್ಷರರಾಗಿದ್ದರು. ಮಾಯಾ ಜನರಲ್ಲಿ ನಿರಕ್ಷರತೆಯು ಅದಕ್ಕಿಂತಲೂ ಮಿಗಿಲಾಗಿತ್ತು. ಈ ತೊಡಕಿಗೆ ಉಪಾಯವನ್ನು ಕಂಡವಳು ಜಾಯ್ ರಿಡರ್‌ಹಾಫ್ ಎಂಬ ಮಹಿಳೆ. ಈಕೆಯು 1930ರಲ್ಲಿ ಹೊಂಡುರಾಸಿಗೆ ಮಿಷನರಿಯಾಗಿ ಹೋಗಿ, ಮಲೇರಿಯಾ ಜ್ವರದಿಂದ ಬಳಲಿ, 1936ರಲ್ಲಿ ಲಾಸ್ ಏಂಜಲಿಸಿಗೆ ಹಿಂದಿರುಗಿದಳು. ಹೊಂಡುರಾಸಿನ ಊರುಗಳಲ್ಲಿ ಗ್ರಾಮಾಫೋನು ಹಾಡುತ್ತಿದ್ದುದೂ ಜನರು ಅದನ್ನು ಕಿವಿಗೊಟ್ಟು ಕೇಳುತ್ತಿದ್ದುದೂ ಆಕೆಗೆ ಹಾಸಿಗೆಯಲ್ಲಿ ನೆನಪಾಯಿತು. ಉಪದೇಶಕನು ಹೋಗಲಾರದಲ್ಲಿಗೆ ತಟ್ಟೆಯು ಹೋಗಬಲ್ಲದೆಂದು ಯೋಚಿಸಿ, ಮೊದಲು ಸ್ಪಾನಿಷಿನಲ್ಲಿ ಒಂದು ತಟ್ಟೆಯನ್ನು ಮಾಡಿಸಿದಳು. 1939ರಲ್ಲಿ ‘ಗಾಸ್ಪೆಲ್ ರೆಕಾರ್ಡಿಂಗ್ಸ್’ ಎಂಬ ಸಂಸ್ಥೆಯು ಹುಟ್ಟಿತು. 1944ರಲ್ಲಿ ಆಕೆಯು ಆನ್ ಶೆರ್ವುಡ್ ಎಂಬ ಜೊತೆಗಾತಿಯೊಡನೆ ಮೆಕ್ಸಿಕೋ ಮತ್ತು ಮಧ್ಯ ಅಮೇರಿಕಾಗಳಲ್ಲಿ ಸಂಚರಿಸಿ, ಅಲ್ಲಿಯ ಮೂಲನಿವಾಸಿಗಳ ನುಡಿಗಳನ್ನು ಮುದ್ರಿಸಿಕೊಂಡಳು. ಈ ಸಂಸ್ಥೆಯ ಮುದ್ರಿಕೆಗಳು ಇಂದು ಲೋಕದ 6,000ಕ್ಕೂ ಮಿಕ್ಕ ನುಡಿಗಳಲ್ಲಿಯೂ ಉಪನುಡಿಗಳಲ್ಲಿಯೂ ಇವೆ.

ಈ ಮುದ್ರಣದ ಕ್ರಮವು ವಿಚಾರಕ್ಕೆ ಯೋಗ್ಯವಾದುದು. ಮುದ್ರಿಸುವವರಿಗೆ ಆ ನುಡಿ ಬಾರದು. ಹೇಳುವವನಿಗೆ ಅನೇಕವೇಳೆ ಓದು ಬಾರದು. ನಡುವೆ ದುಭಾಷಿಯೊಬ್ಬನು ಕುಳಿತು, ಸ್ಪಾನಿಷಿನ ಒಂದೊಂದು ಚಿಕ್ಕ ವಾಕ್ಯವನ್ನು ಮಾಯಾ ನುಡಿಗೆ ತಿರುಗಿಸಿ ಹೇಳುವನು. ಅದನ್ನು ಕೇಳಿ, ಆ ಊರಿನ ಒಳ್ಳೆಯ ಮಾತುಗಾರನೊಬ್ಬನು ತನ್ನ ಸಹಜ ಧಾಟಿಯಲ್ಲಿ ಯಂತ್ರದ ಮುಂದೆ ನುಡಿಯುವನು. ಹೀಗೆ ತುಂಡುತುಂಡಾಗಿ ಹಿಡಿದ ವಾಕ್ಯಗಳನ್ನು, ನಡುವಿನ ಮೌನವನ್ನೂ ತಪ್ಪುಗಳನ್ನೂ ತೆಗೆದು, ಒಂದರ ಹಿಂದೊಂದು ಜೋಡಿಸುವರು. ಅನಂತರ ಆ ಸಿದ್ಧ ಮುದ್ರಿಕೆಯನ್ನು, ಮೊದಲು ಅಲ್ಲಿಲ್ಲದ ಮತ್ತೊಬ್ಬ ಮಾಯಾ ಮನುಷ್ಯನಿಗೆ ಕೇಳಿಸಿ, ಇದರಲ್ಲಿ ಏನು ಹೇಳಿದೆಯೆಂದು ಸ್ಪಾನಿಷಿನಲ್ಲಿ ವಿಚಾರಿಸುವರು. ಆತನು ಹೇಳುವ ಅರ್ಥವು ಮೂಲಕ್ಕೆ ಹೊಂದಿದರೆ ಮುದ್ರಿಕೆಯು ಸರಿ. ಇಲ್ಲದಿದ್ದರೆ ಮತ್ತೆ ಮೊದಲಿನಿಂದ ಆರಂಭ. ಇಲ್ಲಿ ಮಿಷನರಿಯು ಸಂಪೂರ್ಣವಾಗಿ ಹಳ್ಳಿಗನ ನಾಲಗೆಯನ್ನೂ ಪ್ರಾಮಾಣಿಕತೆಯನ್ನೂ ನಂಬಿ ಕುಳಿತಿರಬೇಕು. ಕಲಿಸಬಂದವನು ಕಾಯುವವನಾಗುತ್ತಾನೆ, ನಿರಕ್ಷರನೆನಿಸಿಕೊಂಡವನು ಉಪಾಧ್ಯಾಯನಾಗುತ್ತಾನೆ. ಧ್ವನಿಯಂತ್ರದ ಸ್ವಭಾವವೇ ಹೀಗೆ: ಅದು ಮೊದಲು ಕೇಳುತ್ತದೆ, ಆಮೇಲೆ ನುಡಿಯುತ್ತದೆ.

ತಟ್ಟೆಯನ್ನು ನುಡಿಸುವ ಸಾಧನಗಳೂ ಕಾಲಕಾಲಕ್ಕೆ ಸರಳವಾದುವು. ವಿದ್ಯುಚ್ಛಕ್ತಿಯಿಲ್ಲದ ಹಳ್ಳಿಗಳಿಗಾಗಿ, ದಪ್ಪ ರಟ್ಟನ್ನು ಮಡಿಸಿ ಸೂಜಿಯನ್ನು ಸಿಕ್ಕಿಸಿ, ತಟ್ಟೆಯನ್ನು ಕೈಯಿಂದಲೇ ತಿರುಗಿಸಿ ಕೇಳುವ ಅಗ್ಗದ ಉಪಕರಣವೊಂದನ್ನು ಈ ಸಂಸ್ಥೆಯವರು ಹಂಚಿದರು. ಅನಂತರ ಬೇರೆ ಸಂಸ್ಥೆಗಳೂ ಹುಟ್ಟಿದುವು. 1972ರಲ್ಲಿ ಅಮೇರಿಕಾದ ನ್ಯೂ ಮೆಕ್ಸಿಕೋ ಸಂಸ್ಥಾನದ ಆಲ್ಬುಕರ್ಕಿಯಲ್ಲಿ ಆರಂಭವಾಗಿ, ಈಗ ‘ಶ್ರವಣದಿಂದ ಶ್ರದ್ಧೆ’ ಎಂಬರ್ಥದ ಹೆಸರನ್ನು ಧರಿಸಿರುವ ಸಂಸ್ಥೆಯು, ಹೊಸ ಒಡಂಬಡಿಕೆಯನ್ನು ನಾಟಕದ ರೀತಿಯಲ್ಲಿ ಮುದ್ರಿಸುತ್ತದೆ. ಒಬ್ಬನೇ ಓದುವುದರ ಬದಲು, ಕಥನ ಮಾಡುವವನು ಬೇರೆ, ಯೇಸುವಿನ ಮಾತನ್ನು ನುಡಿಯುವವನು ಬೇರೆ, ಪೇತ್ರನು ಬೇರೆ. ಎಲ್ಲರೂ ಆ ನುಡಿಯವರೇ ಆಗಿರಬೇಕು. ಕಿಚೇ, ಮಾಮ್, ಕೆಕ್ಚಿ, ಯುಕಾತೆಕ್, ತ್ಸೋತ್ಸಿಲ್ ಮೊದಲಾದ ಅನೇಕ ಮಾಯಾ ನುಡಿಗಳಲ್ಲಿ ಇಂತಹ ಮುದ್ರಿಕೆಗಳು ಸಿದ್ಧವಾಗಿವೆ. ಬಿಸಿಲಿನಿಂದಲೂ ಕೈಯಿಂದ ತಿರುಗಿಸುವ ಹಿಡಿಕೆಯಿಂದಲೂ ನಡೆಯುವ ಪೆಟ್ಟಿಗೆಯೊಂದರ ಸುತ್ತ ಜನರು ಗುಂಪಾಗಿ ಕುಳಿತು ಕೇಳುವರು.

ಇಷ್ಟರಿಂದಲೇ ಎಲ್ಲವೂ ಶುಭವಾಯಿತೆಂದು ಹೇಳಲಾಗದು. ಮೊದಲನೆಯದಾಗಿ ಅಕ್ಷರದ ವಿವಾದ. ಮಿಷನರಿಗಳು ಮಾಯಾ ನುಡಿಗಳನ್ನು ಸ್ಪಾನಿಷಿನ ಕಾಗುಣಿತವನ್ನು ಅನುಸರಿಸಿ ಬರೆದಿದ್ದರು. ಹೀಗಾದರೆ ಓದುಗನು ಮುಂದೆ ಸ್ಪಾನಿಷನ್ನು ಸುಲಭವಾಗಿ ಕಲಿಯುವನೆಂಬುದು ಅವರ ವಾದ. ಮಾಯಾ ವಿದ್ವಾಂಸರು ಇದನ್ನು ಒಪ್ಪಲಿಲ್ಲ. ಈ ನುಡಿಗಳು ಸ್ಪಾನಿಷಿಗೆ ಏರುವ ಮೆಟ್ಟಿಲುಗಳಲ್ಲ, ತಮ್ಮಷ್ಟಕ್ಕೆ ತಾವೇ ಪೂರ್ಣವಾದ ನುಡಿಗಳು ಎಂದು ಅವರು ಸಾಧಿಸಿದರು. ಮಿಷನರಿ ಭಾಷಾಪಂಡಿತರು ಹೊಸ ಪದ್ಧತಿಯನ್ನು ವಿರೋಧಿಸಿದರೂ 1987ರಲ್ಲಿ ಗ್ವಾಟೆಮಾಲದ ಸರಕಾರವು ಮಾಯಾ ಜನರೇ ಗೊತ್ತುಪಡಿಸಿದ ಏಕರೂಪದ ಅಕ್ಷರಮಾಲೆಯನ್ನು ಅಂಗೀಕರಿಸಿತು. 1990ರಲ್ಲಿ ಮಾಯಾ ಭಾಷಾ ಅಕಾಡೆಮಿಗೆ ಕಾನೂನಿನ ಮನ್ನಣೆ ದೊರೆಯಿತು. 2003ರಲ್ಲಿ ಈ ನುಡಿಗಳನ್ನು ರಾಷ್ಟ್ರೀಯ ಭಾಷೆಗಳೆಂದು ಗುರುತಿಸುವ ಕಾನೂನೂ ಆಯಿತು. ಹಳೆಯ ಕಾಗುಣಿತದಲ್ಲಿ ಅಚ್ಚಾದ ಪುಸ್ತಕಗಳು ಈ ವಿವಾದದಲ್ಲಿ ಸಿಕ್ಕಿಬಿದ್ದುವು. ಧ್ವನಿಮುದ್ರಿಕೆಗೆ ಮಾತ್ರ ಕಾಗುಣಿತವೆಂಬುದಿಲ್ಲವಾದುದರಿಂದ ಅದು ಪಾರಾಯಿತು. ಆದರೆ ಅದಕ್ಕೆ ಬೇರೊಂದು ತೊಡಕು ಕಾದಿತ್ತು. ಧ್ವನಿಯೆಂದ ಮೇಲೆ ಅದು ಯಾವುದೋ ಒಂದು ಊರಿನ ಧಾಟಿಯಾಗಿರಲೇಬೇಕು. ಒಂದೇ ನುಡಿಯಲ್ಲಿ ಊರೂರಿಗೆ ಬೇರೆ ಬೇರೆ ಮುದ್ರಿಕೆಗಳಾದರೆ ಕೇಳುವವನಿಗೆ ಹಿತವೇ ಸರಿ. ನುಡಿಯು ಮಾತ್ರ ಚೂರುಚೂರಾಗಿ ತೋರುವುದು. ಚದರಿದ ಜನರನ್ನು ಒಂದುಗೂಡಿಸಬೇಕೆಂದಿದ್ದ ಮಾಯಾ ವಿದ್ವಾಂಸರು ಮಿಷನರಿಗಳ ಇಂತಹ ವಿಭಾಗಕ್ರಮವನ್ನು ಆಕ್ಷೇಪಿಸಿದುದು ಸಕಾರಣವಾಗಿಯೇ ಇದೆ.

ಎರಡನೆಯದು ಮನೆಮಾರುಗಳ ಒಡಕು. ಹೊಸ ಮತವನ್ನು ಹಿಡಿದವರು ಊರಹಬ್ಬಕ್ಕೆ ವಂತಿಗೆ ಕೊಡುವುದನ್ನೂ, ಹಬ್ಬದ ಮದ್ಯವನ್ನೂ, ಹಿರಿಯರ ಆಚಾರಗಳನ್ನೂ ಬಿಟ್ಟರು. ಮೆಕ್ಸಿಕೋದ ಚಮುಲಾ ಎಂಬ ತ್ಸೋತ್ಸಿಲ್ ಊರಿನಲ್ಲಿ 1970ರ ದಶಕದಿಂದ ಮುಂದೆ ಇಂತಹ ಸಾವಿರಾರು ಮಂದಿಯನ್ನು ಊರಿನವರೇ ಹೊರಗೆ ಹಾಕಿದರು. ಹೊರಬಿದ್ದವರ ಕಷ್ಟವು ದೊಡ್ಡದು. ಹಿಂದಿನಿಂದ ಬಂದ ಕಟ್ಟು ಕಳಚಿಹೋಗುವುದನ್ನು ಕಂಡ ಊರಿನವರ ಕಳವಳವೂ ಸುಳ್ಳಲ್ಲ. ತಾಯಿನುಡಿಯಲ್ಲಿ ಬಂದ ಉಪದೇಶವು ಮನಸ್ಸಿನ ಒಳಗೆ ಇಳಿಯುವುದರಿಂದಲೇ, ಅದು ಮಾಡುವ ಕಟ್ಟೂ ಒಡಕೂ ಎರಡೂ ಆಳವಾಗಿರುತ್ತವೆ.

ಮೂರನೆಯದು ಇವೆಲ್ಲಕ್ಕಿಂತ ಘೋರವಾದುದು. ಗ್ವಾಟೆಮಾಲದಲ್ಲಿ 1960ರಿಂದ 1996ರವರೆಗೆ ಅಂತರ್ಯುದ್ಧವು ನಡೆಯಿತು. ಎರಡು ಲಕ್ಷಕ್ಕೂ ಹೆಚ್ಚು ಜನರು ಸತ್ತರು ಇಲ್ಲವೆ ಕಾಣೆಯಾದರೆಂದೂ, ಗುರುತು ಹತ್ತಿದವರಲ್ಲಿ ನೂರಕ್ಕೆ 83 ಮಂದಿ ಮಾಯಾ ಜನರೆಂದೂ ಸತ್ಯಶೋಧನ ಆಯೋಗವು 1999ರಲ್ಲಿ ವರದಿಮಾಡಿತು. ಈ ಕಾಲದಲ್ಲಿ ಮಾಯಾ ನುಡಿಯಲ್ಲಿ ಜನರಿಗೆ ಮಾತಾಡುವುದೇ ಅಪಾಯದ ಕೆಲಸವಾಯಿತು. ಅತಿತ್ಲಾನ್ ಸರೋವರದ ದಡದ ಸಾಂತಿಯಾಗೋ ಊರಿನಲ್ಲಿ ಕ್ಯಾಥೊಲಿಕ್ ಮಿಷನ್ನು ‘ಅತಿತ್ಲಾನಿನ ಧ್ವನಿ’ ಎಂಬರ್ಥದ ರೇಡಿಯೋ ಕೇಂದ್ರವನ್ನು ಸ್ಥಾಪಿಸಿತ್ತು. ಅಲ್ಲಿಂದ ತ್ಸುತುಹಿಲ್ ನುಡಿಯಲ್ಲಿ ಧರ್ಮೋಪದೇಶವೂ ಅಕ್ಷರಾಭ್ಯಾಸದ ಪಾಠಗಳೂ ಪ್ರಸಾರವಾಗುತ್ತಿದ್ದುವು. 1980ರಲ್ಲಿ ಆ ಕೇಂದ್ರದ ನಿರ್ದೇಶಕನನ್ನು ಅಪಹರಿಸಿದರು. ಆತನು ಮರಳಿ ಬರಲಿಲ್ಲ. ಅಲ್ಲಿಯ ಪಾದ್ರಿಯಾಗಿದ್ದ ಸ್ಟ್ಯಾನ್ಲಿ ರಾದರ್ ಎಂಬವರು ಅಮೇರಿಕಾದ ಓಕ್ಲಹೋಮ ಸೀಮೆಯ ರೈತನ ಮಗನು. ವಿದ್ಯಾರ್ಥಿದೆಸೆಯಲ್ಲಿ ಲ್ಯಾಟಿನ್ ಭಾಷೆ ತಲೆಗೆ ಹತ್ತದೆ, ಮೊದಲು ಸೇರಿದ ಧರ್ಮಪಾಠಶಾಲೆಯನ್ನು ಬಿಡಬೇಕಾಯಿತು. ಅಂತಹವರು 1968ರಲ್ಲಿ ಅತಿತ್ಲಾನಿಗೆ ಬಂದು, ಲ್ಯಾಟಿನ್ನಿಗಿಂತ ಕಠಿನವಾದ ತ್ಸುತುಹಿಲ್ಲನ್ನು ರೈತರ ಸಂಗಡ ದುಡಿಯುತ್ತ ಕಲಿತು, ಆ ನುಡಿಯಲ್ಲಿಯೇ ಪೂಜೆಯನ್ನು ನಡೆಸಿದರು. ಕೊಲ್ಲಬೇಕಾದವರ ಪಟ್ಟಿಯಲ್ಲಿ ತಮ್ಮ ಹೆಸರಿದೆಯೆಂದು ತಿಳಿದು 1981ರ ಜನವರಿಯಲ್ಲಿ ಊರಿಗೆ ಹೋದವರು, ಜನರನ್ನು ಬಿಟ್ಟಿರಲಾರದೆ ಏಪ್ರಿಲಿನಲ್ಲಿ ಹಿಂದಿರುಗಿದರು. ಆ ವರ್ಷ ಜುಲೈ 28ರಂದು ರಾತ್ರಿಯ ಹೊತ್ತಿನಲ್ಲಿ ಮುಸುಕುಧಾರಿಗಳು ಅವರನ್ನು ಕೊಂದರು. ದೇಹವನ್ನು ಓಕ್ಲಹೋಮಕ್ಕೆ ಒಯ್ದರು. ಹೃದಯವನ್ನು ಅತಿತ್ಲಾನಿನ ಜನರು ತಮ್ಮಲ್ಲಿಯೇ ಇಟ್ಟುಕೊಂಡರು.

ಇದಕ್ಕೆ ಎದುರಾಗಿ ಇನ್ನೊಂದು ಚಿತ್ರವೂ ಇದೆ. 1982ರ ಮಾರ್ಚಿನಿಂದ 1983ರ ಆಗಸ್ಟಿನವರೆಗೆ ಆ ದೇಶವನ್ನಾಳಿದ ಸೇನಾಪತಿ ಎಫ್ರಾಯಿನ್ ರಿಯೋಸ್ ಮೋಂಟ್ ಎಂಬಾತನು ಸುವಾರ್ತಾಪಂಥದ ಕ್ರೈಸ್ತನು. ಆತನು ಆದಿತ್ಯವಾರಗಳಂದು ಟೆಲಿವಿಜನ್ನಿನಲ್ಲಿ ನೀತಿಯನ್ನು ಬೋಧಿಸುತ್ತಿದ್ದನು. ಅದೇ ಕಾಲದಲ್ಲಿ ಸೈನ್ಯವು ಇಶಿಲ್ ಜನರ ಹಳ್ಳಿಗಳನ್ನು ಸುಡುತ್ತಿತ್ತು. 30 ವರ್ಷಗಳು ಕಳೆದ ಮೇಲೆ, 2013ರಲ್ಲಿ, 1,771 ಮಂದಿ ಇಶಿಲ್ ಜನರ ಕೊಲೆಯ ವಿಷಯವಾಗಿ ಆತನ ವಿಚಾರಣೆಯು ನಡೆಯಿತು. ಇಶಿಲ್ ಸ್ತ್ರೀಪುರುಷರು ನ್ಯಾಯಸ್ಥಾನಕ್ಕೆ ಬಂದು, ದುಭಾಷಿಗಳ ಮೂಲಕ, ತಮ್ಮ ನುಡಿಯಲ್ಲಿಯೇ ಸಾಕ್ಷಿ ಹೇಳಿದರು. ಮೇ 10ರಂದು ಆತನು ಅಪರಾಧಿಯೆಂದು ತೀರ್ಪಾಯಿತು. 10 ದಿನಗಳೊಳಗೆ ಮೇಲಿನ ನ್ಯಾಯಸ್ಥಾನವು ಆ ತೀರ್ಪನ್ನು ರದ್ದುಮಾಡಿತು. ಮರುವಿಚಾರಣೆಯು ಮುಗಿಯುವ ಮೊದಲೇ 2018ರಲ್ಲಿ ಆತನು ತೀರಿಕೊಂಡನು. ಆದರೂ ಆ ಸಾಕ್ಷ್ಯವು ಅಳಿಯಲಿಲ್ಲ. ಅದು ದಾಖಲೆಯಾಗಿ ನಿಂತಿತು. ಅದುವರೆಗೆ ಇತರರ ಶಾಸ್ತ್ರವನ್ನು ಹೊರುವುದಕ್ಕೆ ಮಾತ್ರ ಲೋಕವು ಮಾಯಾ ನುಡಿಗಳನ್ನು ಬಯಸಿತ್ತು. ಅಂದು ಆ ನುಡಿಯು ತನ್ನ ಕಥೆಯನ್ನು ತಾನೇ ಹೇಳಿತು. ನ್ಯಾಯಾಧೀಶರು ಕುಳಿತು ಕೇಳಬೇಕಾಯಿತು.

ಶರಣಬಂಧುಗಳೇ, ಈ ಎಲ್ಲ ವಿಚಾರದಿಂದ ತಿಳಿಯತಕ್ಕುದು ಇಷ್ಟು. ಜನರ ನುಡಿಯಲ್ಲಿ ಶಾಸ್ತ್ರವನ್ನು ಹೇಳುವುದು ಒಳ್ಳೆಯ ಕೆಲಸ. ಗ್ರಂಥಗಳನ್ನು ಸುಟ್ಟ 1562ರ ಮಾರ್ಗಕ್ಕಿಂತ ಹಳ್ಳಿಗನ ಮುಂದೆ ಧ್ವನಿಯಂತ್ರವನ್ನಿಟ್ಟು ಕಾದು ಕುಳಿತ ಮಾರ್ಗವು ಎಷ್ಟೋ ಮೇಲು. ಆದರೆ ನುಡಿಯನ್ನು ಬರಿಯ ಬಂಡಿಯೆಂದು ತಿಳಿದು, ತನ್ನ ಸರಕನ್ನು ಹೇರಿ ಕಳುಹಿಸುವುದರಲ್ಲಿಯೇ ತೃಪ್ತನಾದವನು ಕೆಲಸದ ಅರ್ಧವನ್ನು ಮಾತ್ರ ಮಾಡಿದವನು. ಯಾವ ನುಡಿಯಲ್ಲಿ ಹೇಳಲು ಕಲಿತನೋ ಆ ನುಡಿಯಲ್ಲಿ ಕೇಳುವುದನ್ನೂ ಕಲಿಯಬೇಕು. ಆ ಜನರ ಹಿರಿಯರ ಕಥೆಯನ್ನು ಕೇಳಬೇಕು, ಅವರ ವಿದ್ವಾಂಸರ ಆಕ್ಷೇಪವನ್ನು ಕೇಳಬೇಕು, ಅವರ ದುಃಖದ ಸಾಕ್ಷಿಯನ್ನೂ ಕೇಳಬೇಕು. ರಾದರ್ ಪಾದ್ರಿಗಳು ಹೀಗೆ ಕೇಳಿದವರು. ಆದುದರಿಂದಲೇ ಮತದ ವಿಷಯದಲ್ಲಿ ಭಿನ್ನವಾದ ಹಾದಿಯನ್ನು ಹಿಡಿದವರೂ ಅವರ ಹೆಸರನ್ನು ಗೌರವದಿಂದ ನೆನೆಯಬಹುದು. ಉಪದೇಶಿಸುವವರು ಯಾವ ದೇಶದವರಾದರೂ, ಯಾವ ಮತದವರಾದರೂ, ಕಿವಿಯನ್ನು ತೆರೆದ ಬಳಿಕವೇ ಬಾಯಿ ತೆರೆಯಲಿ.